ಫ್ಯಾನ್ ತೋರಿಸುವ ವಿಡಿಯೊ ಕಾಲ್ ಇನ್ನು ಸಾಕು: ವೃದ್ಧಾಶ್ರಮದ ಹಿರಿಯರಿಗೆ ಮನೆಯವರ ನಂಟು ಉಳಿಸುವುದು ಹೇಗೆ?

ವಿಡಿಯೊ ಕಾಲ್ ಶುರುವಾಗುತ್ತದೆ. ಈ ಕಡೆ ಮಗ, ಸೊಸೆ, ಮೊಮ್ಮಕ್ಕಳು ಫೋನಿಗೆ ಮುಖ ಒಡ್ಡಿ ಕೂತಿದ್ದಾರೆ. ಆ ಕಡೆಯಿಂದ ಕಾಣುವುದು ಅಜ್ಜಿಯ ಅರ್ಧ ಹಣೆ, ಅದರ ಮೇಲೆ ತಿರುಗುವ ಫ್ಯಾನ್. "ಕೇಳಿಸ್ತಾ ಇದ್ಯಾ?" "ಹಾಂ?" "ಊಟ ಆಯ್ತಾ?" "ಆಯ್ತು." ಮೂರು ನಿಮಿಷಕ್ಕೆ ಮಾತು ಮುಗಿಯಿತು. ಫೋನ್ ಇಟ್ಟ ಮೇಲೆ ಎರಡೂ ಕಡೆ ಬೇಸರ.

ಪ್ರೀತಿ ಇದ್ದೂ ಹೀಗಾಗುವುದು ತಯಾರಿ ಇಲ್ಲದ್ದಕ್ಕೆ. ಅದನ್ನು ಆಶ್ರಮದ ಸಿಬ್ಬಂದಿ, ಮನೆಯವರು ಇಬ್ಬರೂ ಸೇರಿ ಮಾಡಿಕೊಳ್ಳಬೇಕು.

ಮೊದಲು ಅವರನ್ನೇ ಕೇಳಿ

ಯಾರ ಜೊತೆ ಮಾತಾಡಬೇಕು, ವಾರಕ್ಕೆ ಎಷ್ಟು ಸಲ ಅನ್ನುವುದನ್ನು ಸಾಮಾನ್ಯವಾಗಿ ಮಕ್ಕಳೇ ತೀರ್ಮಾನಿಸಿಬಿಡುತ್ತಾರೆ. ಆದರೆ ಕೆಲವರಿಗೆ ಮಗನಿಗಿಂತ ತಂಗಿಯ ದನಿ ಬೇಕಿರುತ್ತದೆ. ಕೆಲವರಿಗೆ ಹಳೇ ಪಕ್ಕದ ಮನೆಯವರು. ಒಬ್ಬರ ಜೊತೆ ಮಾತೇ ಬೇಡ ಅಂದರೆ ಅದಕ್ಕೂ ಬೆಲೆ ಕೊಡಿ. ಮನೆಯವರ ಕಡೆಯಿಂದ ಒಬ್ಬರೇ ಸಿಬ್ಬಂದಿ ಜೊತೆ ಸಂಪರ್ಕದಲ್ಲಿರಲಿ. ಅಣ್ಣತಮ್ಮಂದಿರು ನಾಲ್ಕು ಜನ ನಾಲ್ಕು ಥರ ಹೇಳಿದರೆ ಯಾವುದೂ ಆಗುವುದಿಲ್ಲ.

ದಿನ, ಹೊತ್ತು ಗೊತ್ತು ಮಾಡಿ

"ಬಿಡುವಾದಾಗ ಫೋನ್ ಮಾಡ್ತೀನಿ" ಅನ್ನುವ ಮಾತು ಕಾಯುವವರಿಗೆ ಶಿಕ್ಷೆ. ಬುಧವಾರ ಬೆಳಿಗ್ಗೆ 10:30 ಅಂತ ಗೊತ್ತಿದ್ದರೆ ಮಂಗಳವಾರವೇ ಅರ್ಧ ಖುಷಿ ಸಿಕ್ಕಿರುತ್ತದೆ. ಸ್ನಾನ, ಊಟ, ಸಿಬ್ಬಂದಿಯ ಪಾಳಿ ಬದಲಾಗುವ ಹೊತ್ತು ಬೇಡ. ಮರೆವಿನ ಕಾಯಿಲೆ ಇರುವ ಹಲವರಿಗೆ ಸಂಜೆಯಾಗುತ್ತಿದ್ದಂತೆ ಗೊಂದಲ, ಚಡಪಡಿಕೆ ಜಾಸ್ತಿಯಾಗುತ್ತದೆ. ವೈದ್ಯರು ಇದನ್ನು ಸನ್‌ಡೌನಿಂಗ್ ಅನ್ನುತ್ತಾರೆ. ಅಂಥವರಿಗೆ ಬೆಳಗಿನ ಹೊತ್ತೇ ವಾಸಿ. ಮಕ್ಕಳು ಬೇರೆ ದೇಶದಲ್ಲಿದ್ದರೆ ನಿದ್ದೆಗೆಡುವ ಸರದಿ ಮಕ್ಕಳದ್ದೇ ಇರಲಿ.

ಕಾಲ್‌ಗೆ ಮುಂಚಿನ ಐದು ನಿಮಿಷ

2020ರಲ್ಲಿ ಕೋವಿಡ್ ಬಂದು ಹಲವು ದೇಶಗಳಲ್ಲಿ ಇಂಥ ಕೇಂದ್ರಗಳ ಬಾಗಿಲು ಮುಚ್ಚಿತು. ಮನೆಯವರು ಕಿಟಕಿಯ ಗಾಜಿನಾಚೆ ನಿಂತು ಕೈ ಬೀಸಿ ಹೋಗಬೇಕಾಯಿತು. ವಿಡಿಯೊ ಕಾಲ್ ಆಗಲೇ ರೂಢಿಯಾಗಿದ್ದು. ಆದರೆ ಫೋನ್ ನಿಲ್ಲಿಸುವ ಸ್ಟ್ಯಾಂಡ್ ಮಾತ್ರ ಎಷ್ಟೋ ಕಡೆ ಇನ್ನೂ ಬಂದಿಲ್ಲ!

ಸ್ಟ್ಯಾಂಡ್ ಇಲ್ಲದಿದ್ದರೆ ನಾಲ್ಕು ದಪ್ಪ ಪುಸ್ತಕ ಸಾಕು. ಕ್ಯಾಮೆರಾ ಅವರ ಕಣ್ಣಿನ ಮಟ್ಟಕ್ಕೆ ಬರಲಿ. ಕಿಟಕಿ ಅವರ ಬೆನ್ನ ಹಿಂದಿದ್ದರೆ ಮುಖ ಕಪ್ಪಾಗಿ ಕಾಣುತ್ತದೆ, ಕುರ್ಚಿ ತಿರುಗಿಸಿ. ಟಿವಿ ಆರಿಸಿ. ಕನ್ನಡಕ ಒರೆಸಿ ಕೊಡಿ. ಶ್ರವಣಯಂತ್ರ ಕಿವಿಯಲ್ಲಿದೆಯಾ, ಬ್ಯಾಟರಿ ಇದೆಯಾ ನೋಡಿ. ಡ್ರಾಯರ್‌ನಲ್ಲೇ ಉಳಿದ ಶ್ರವಣಯಂತ್ರದಿಂದ ಹಾಳಾದ ಮಾತುಕತೆಗಳಿಗೆ ಲೆಕ್ಕವಿಲ್ಲ.

ಈ ಕಡೆಯವರಿಗೂ ಒಂದು ಮಾತು. 60 ದಾಟಿದವರಲ್ಲಿ ನೂರಕ್ಕೆ 25ಕ್ಕೂ ಹೆಚ್ಚು ಜನರಿಗೆ ಬದುಕಿಗೆ ತೊಡಕಾಗುವಷ್ಟು ಕಿವಿ ಮಂದವಾಗಿರುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ವಯಸ್ಸಾದಂತೆ ಮೊದಲು ಕೈಕೊಡುವುದು ತೆಳು, ಕೀರಲು ದನಿಗಳು. ಅದಕ್ಕೇ ಮಾತು ಕೇಳಿಸುತ್ತದೆ, ಅಕ್ಷರ ಬಿಡಿಸಿಕೊಳ್ಳಲು ಆಗುವುದಿಲ್ಲ. 'ಸ'ಕಾರ, 'ಶ'ಕಾರ ಜಾರಿಹೋಗುತ್ತವೆ. ಮೊಮ್ಮಗಳ ಮಾತು ಅಳಿಯನ ಮಾತಿಗಿಂತ ಕಷ್ಟವಾಗುವುದೂ ಇದಕ್ಕೇ. ಕಿರುಚಿದರೆ ಮಾತು ಇನ್ನೂ ಒಡೆಯುತ್ತದೆ. ಕೀರಲು ದನಿ ಬಿಟ್ಟು, ನಿಧಾನವಾಗಿ, ತುಟಿ ಕಾಣುವ ಹಾಗೆ ಮಾತಾಡಿ. ಒಂದು ಸಲಕ್ಕೆ ಒಬ್ಬರು.

ಹಾಸಿಗೆ ಪಕ್ಕ ಒಂದು ನೋಟ್‌ಬುಕ್

ನನ್ನ ಕೇಳಿದರೆ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಇದೇ. ಸಿಬ್ಬಂದಿ ದಿನಕ್ಕೆ ಎರಡು ಸಾಲು ಬರೆದರೆ ಸಾಕು:

"ಮಂಗಳವಾರ. ಕಿಟಕಿ ಹತ್ತಿರ ಕೂತು ಎರಡು ಪಾರಿವಾಳ ಜಗಳ ಆಡೋದು ನೋಡಿ ನಕ್ಕರು. ನೀಲಿ ಸ್ವೆಟರ್ ಎಲ್ಲಿ ಅಂತ ಕೇಳಿದರು, ಸಿಗಲಿಲ್ಲ."

ಹಿರಿಯರ ಒಪ್ಪಿಗೆ ಪಡೆದು ಈ ಪುಟದ ಫೋಟೊ ಮಗಳಿಗೆ ಕಳಿಸಿ. ಬುಧವಾರದ ಕಾಲ್‌ನಲ್ಲಿ "ಊಟ ಆಯ್ತಾ" ಬದಲು "ಅಮ್ಮಾ, ಪಾರಿವಾಳದಲ್ಲಿ ಯಾವುದು ಗೆದ್ದಿತು?" ಅಂತ ಶುರುವಾಗುತ್ತದೆ. ಸ್ವೆಟರ್ ಮನೆಯಲ್ಲೇ ಉಳಿದಿರುವುದೂ ಗೊತ್ತಾಗುತ್ತದೆ. ನೋಡಲು ಬಂದವರೂ ಅದರಲ್ಲಿ ಬರೆಯಲಿ. ಬಿಪಿ, ಮಾತ್ರೆಯ ವಿಷಯ ಇದರಲ್ಲಿ ಬೇಡ, ಅದಕ್ಕೆ ಬೇರೆ ಫೈಲ್ ಇದೆ.

ನೋಡಲು ಬಂದಾಗ ಕೈಗೊಂದು ಕೆಲಸ

ಎದುರುಬದುರು ಸುಮ್ನೆ ಕೂತರೆ ಹತ್ತು ನಿಮಿಷಕ್ಕೆ ಮಾತು ಬತ್ತುತ್ತದೆ. ತಲೆ ಬಾಚಿ, ಉಗುರಿಗೆ ಎಣ್ಣೆ ಸವರಿ, ಬೀರು ಜೋಡಿಸಿ. ಹಳೇ ಫೋಟೊ ತಂದರೆ ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿ ಯಾರು, ಎಲ್ಲಿ ಅಂತ ಬರೆಯಿರಿ. ನಾಳೆ ಆ ಫೋಟೊ ಹಿಡಿದು ಮಾತಾಡಿಸಲು ಬರುವ ಹೊಸ ಆಯಾಗೆ ಅದೇ ದಾರಿ ತೋರುತ್ತದೆ.

ಮರೆವು ಇದ್ದಾಗ

"ನಾನ್ಯಾರು ಹೇಳು ನೋಡೋಣ?" ಈ ಪರೀಕ್ಷೆ ದಯವಿಟ್ಟು ಬೇಡ. "ಅಮ್ಮಾ, ನಾನು ನಿನ್ನ ದೊಡ್ಡ ಮಗಳು" ಅಂತ ನೀವೇ ಹೇಳಿಬಿಡಿ. ಆಲ್ಜೈಮರ್ಸ್‌ನಲ್ಲಿ ಸಾಮಾನ್ಯವಾಗಿ ಮೊದಲು ಮಾಸುವುದು ಇತ್ತೀಚಿನ ನೆನಪು, ಹಳೆಯದು ಹೆಚ್ಚು ಕಾಲ ಉಳಿಯುತ್ತದೆ. ನಿನ್ನೆ ಏನಾಯ್ತು ಅಂತ ಕೇಳುವ ಬದಲು ಅವರ ಶಾಲೆಯ ದಿನಗಳಿಗೆ ಹೋಗಿ. ತೀರಿಕೊಂಡ ಗಂಡನ ಬಗ್ಗೆ "ಇನ್ನೂ ಬಂದಿಲ್ವಾ?" ಅಂತ ಕೇಳಿದರೆ ಪ್ರತಿ ಸಲ ಸಾವಿನ ಸುದ್ದಿ ಹೇಳಬೇಕಾಗಿಲ್ಲ. "ಅಪ್ಪನ ನೆನಪಾಯ್ತಾ? ಅವರ ಬಗ್ಗೆ ಹೇಳಮ್ಮ" ಅನ್ನಿ. ಹೇಳಿದ್ದನ್ನೇ ಹೇಳುತ್ತಾರೆ, ನಿಜ. ನೀವು ಚಿಕ್ಕವರಿದ್ದಾಗ ಒಂದೇ ಕಥೆ ನೂರು ಸಲ ಕೇಳಿದ್ದಿರಿ ಅಲ್ವಾ?

ಹೊರಡುವಾಗ

ಅಳುತ್ತಾರೆ ಅಂತ ಕಣ್ಣು ತಪ್ಪಿಸಿ ಜಾರಿಕೊಳ್ಳುವವರಿದ್ದಾರೆ. ಹಾಗೆ ಮಾಡಿದರೆ ಮುಂದಿನ ಸಲ ಬಂದಾಗ ಪೂರ್ತಿ ಹೊತ್ತು ನಿಮ್ಮ ಕೈ ಬಿಡುವುದಿಲ್ಲ. ಊಟಕ್ಕೋ ವಾಕಿಂಗ್‌ಗೋ ಸ್ವಲ್ಪ ಮುಂಚೆ ಹೊರಡಿ. ಸಿಬ್ಬಂದಿಯಲ್ಲಿ ಒಬ್ಬರು ಪಕ್ಕಕ್ಕೆ ಬಂದು ನಿಂತಿರಲಿ. ಹೊರಡುವ ಮುನ್ನ ಗೋಡೆಯ ಕ್ಯಾಲೆಂಡರ್ ಇಳಿಸಿ ಕೆಂಪು ಪೆನ್ ಅವರ ಕೈಗೇ ಕೊಡಿ. ಮುಂದೆ ಬರುವ ದಿನಕ್ಕೆ ಅವರೇ ಸುತ್ತು ಹಾಕಲಿ, ಕೈ ನಡುಗಿ ಪಕ್ಕದ ದಿನವೂ ಒಳಗೆ ಸೇರಿಕೊಂಡರೆ ಸೇರಲಿ.