ಉಕ್ಕಿನ ಕವಚಕ್ಕೆ ಲಾಡಿ, ಪಟ್ಟಿ ಮತ್ತು ಬಕಲ್ ಕೂಡಿಸುವ ಕ್ರಮ

15ನೆಯ ಶತಮಾನದ ಯುರೋಪಿನಲ್ಲಿ ಯುದ್ಧಕ್ಕೆ ತೊಡುತ್ತಿದ್ದ ಪೂರ್ಣ ಉಕ್ಕಿನ ಕವಚವು ಸುಮಾರು 20ರಿಂದ 25 ಕಿಲೋ ತೂಗುತ್ತಿತ್ತು. ಇಷ್ಟು ಭಾರವನ್ನು ಹೊತ್ತು ನಡೆಯಲು ಮತ್ತು ಕುದುರೆಯೇರಲು ಸಾಧ್ಯವಾಗುತ್ತಿದ್ದುದು, ಅದು ಒಂದೆಡೆ ಜೋತುಬೀಳದೆ ಮೈಯ ಹಲವು ಭಾಗಗಳಿಗೆ ಹಂಚಿಹೋಗುತ್ತಿದ್ದುದರಿಂದ. ಅಂಥ ಕವಚದ ಪ್ರತಿಕೃತಿಯನ್ನು ತೊಡುವ ಹೊಸಬರು, ಕವಚದ ಉಕ್ಕಿನ ತಟ್ಟೆ ಜಾರಿದ ಕೂಡಲೇ ಪಟ್ಟಿಯನ್ನು ಇನ್ನೊಂದು ತೂತಿಗೆ ಬಿಗಿಯುತ್ತಾರೆ. ಇದರಿಂದ ರಕ್ತಸಂಚಾರಕ್ಕೆ ತಡೆಯಾಗುತ್ತದೆಯೇ ಹೊರತು ತಟ್ಟೆ ನಿಲ್ಲುವುದಿಲ್ಲ. ಪಟ್ಟಿಯ ಕೆಲಸ ತಟ್ಟೆಯನ್ನು ಮೈಗೆ ಹತ್ತಿರ ಹಿಡಿಯುವುದು. ಭಾರವನ್ನು ಹೊರಬೇಕಾದುದು ಮೇಲಿನಿಂದ ತೂಗುಹಾಕುವ ಲಾಡಿ ಮತ್ತು ಸೊಂಟ.

ಆದ್ದರಿಂದ ಕೆಲಸವನ್ನು ಒಳಂಗಿಯಿಂದ ಆರಂಭಿಸಬೇಕು. ಆರ್ಮಿಂಗ್ ಡಬ್ಲೆಟ್ ಎಂಬ ಈ ಅಂಗಿಯು ಮೈಗೆ, ವಿಶೇಷವಾಗಿ ಸೊಂಟಕ್ಕೆ, ಒತ್ತಿ ಕೂರುವಂತಿರಬೇಕು. ಇದು ಸಡಿಲವಾಗಿದ್ದರೆ ಇದಕ್ಕೆ ಕಟ್ಟಿದ ಯಾವುದೂ ಸ್ಥಿರವಾಗಿ ನಿಲ್ಲದು. ಲಾಡಿ ಹಾಯುವ ತೂತುಗಳನ್ನು ಜೋಡಿಯಾಗಿ ಮಾಡಿ, ಅಂಚನ್ನು ದಾರದಿಂದ ಒತ್ತಾಗಿ ಹೊಲಿಯಿರಿ. ಲಾಡಿಗೆ ಹುರಿಗೊಳಿಸಿದ ಗಟ್ಟಿ ದಾರವನ್ನು ಆರಿಸಿ ಮೇಣ ಹಚ್ಚಬೇಕು. ಅಡ್ಡಬಿಲ್ಲಿನ ಹೆದೆಗೆ ಬಳಸುವಂಥ ದಾರವೇ ಆಗಬೇಕೆಂದು 15ನೆಯ ಶತಮಾನದ ಇಂಗ್ಲಿಷ್ ಕೈಬರಹವೊಂದು ವಿಧಿಸುತ್ತದೆ. ಹಿಗ್ಗದ, ಹರಿಯದ ಲಾಡಿಗೆ ಅದಕ್ಕಿಂತ ಒಳ್ಳೆಯ ಅಳತೆಗೋಲು ಸಿಗುವುದು ಕಷ್ಟ. ತುದಿಗೆ ಲೋಹದ ಕೊಳವೆಯನ್ನು ಒತ್ತಿ ಕೂರಿಸಿದರೆ ಪೋಣಿಸುವುದು ಸುಲಭವಾಗುತ್ತದೆ.

ಕವಚವನ್ನು ಕಾಲಿನಿಂದ ಮೇಲಕ್ಕೆ ತೊಡುತ್ತಾರೆ. ಕಣಕಾಲಿನ ಕವಚದ ಎರಡು ತಟ್ಟೆಗಳಿಗೆ ಸಾಮಾನ್ಯವಾಗಿ ಹೊರಮಗ್ಗುಲಲ್ಲಿ ಕೀಲು, ಒಳಮಗ್ಗುಲಲ್ಲಿ ಬಕಲ್ ಇರುತ್ತವೆ. ತಟ್ಟೆಯು ಮೀನಖಂಡದ ಆಕಾರಕ್ಕೆ ಸರಿಯಾಗಿ ಹೊಂದಿದ್ದರೆ ಅದು ತಾನಾಗಿಯೇ ಜಾರದೆ ನಿಲ್ಲುತ್ತದೆ. ತೊಡೆಯ ಕವಚದ ವಿಷಯ ಬೇರೆ. ಅದರ ಮೇಲಂಚಿನ ಚರ್ಮದ ತುಂಡನ್ನು ಲಾಡಿಯಿಂದ ಒಳಂಗಿಗೆ ಕಟ್ಟಿ, ಮಂಡಿಯ ತಟ್ಟೆಯ ನಡುಭಾಗ ನಿಮ್ಮ ಮಂಡಿಗೆ ನೇರವಾಗಿ ಬರುವಂತೆ ಎತ್ತರವನ್ನು ಹೊಂದಿಸಿದ ಮೇಲೆಯೇ ತೊಡೆಯ ಹಿಂದಿನ ಪಟ್ಟಿಗಳನ್ನು ಹಾಕಬೇಕು. ಆಮೇಲೆ ಪೂರ್ತಿ ಕುಕ್ಕರಗಾಲಿನಲ್ಲಿ ಕುಳಿತು ನೋಡಿ. ನಿಂತಾಗ ಸರಿಯೆನಿಸಿದ ಪಟ್ಟಿ ಕುಳಿತಾಗ ಮಾಂಸವನ್ನು ಕಚ್ಚುವುದುಂಟು.

ಎದೆಗವಚ ಮತ್ತು ಬೆನ್ನುಗವಚಗಳನ್ನು ಕೂಡಿಸುವಾಗ ಹೆಗಲ ಪಟ್ಟಿಗಳನ್ನು ಮೊದಲು ಸಡಿಲವಾಗಿಯೇ ಬಿಟ್ಟು, ಪಕ್ಕದ ಬಕಲುಗಳನ್ನೂ ಸೊಂಟದ ಪಟ್ಟಿಯನ್ನೂ ಬಿಗಿಯಿರಿ. ಕವಚದ ಕಿರಿದಾದ ನಡು ಸೊಂಟದ ಮೂಳೆಗಿಂತ ತುಸು ಮೇಲೆ ಕೂತು ಭಾರವನ್ನು ಹೊತ್ತ ಬಳಿಕವಷ್ಟೇ ಹೆಗಲ ಪಟ್ಟಿಗಳನ್ನು ಎಳೆಯಬೇಕು. ಈ ಕ್ರಮ ತಲೆಕೆಳಗಾದರೆ ಅಷ್ಟೂ ಭಾರ ಹೆಗಲ ಮೇಲೆ ಬೀಳುತ್ತದೆ. ತೋಳಿನ ಕವಚವನ್ನು ಹೆಗಲ ಹತ್ತಿರ ಲಾಡಿಯಿಂದ ತೂಗುಹಾಕಿ, ಪಟ್ಟಿಯಿಂದ ತೋಳಿಗೆ ಹಿಡಿಸುತ್ತಾರೆ. ಕೈಯನ್ನು ತಲೆಯ ಮೇಲೆತ್ತಲು ಬೇಕಾದಷ್ಟು ಸಡಿಲನ್ನು ಲಾಡಿಯಲ್ಲಿ ಉಳಿಸಿಕೊಳ್ಳಿ.

ಪಟ್ಟಿಗೆ ಮರದ ತೊಗಟೆಯಿಂದ ಹದಮಾಡಿದ, 3 ಮಿಲಿಮೀಟರ್ ಆಸುಪಾಸು ದಪ್ಪದ ದನದ ಚರ್ಮ ಒಳ್ಳೆಯದು. ಬಕಲಿನ ಅಡ್ಡಕಡ್ಡಿಯ ಸುತ್ತ ಚರ್ಮವನ್ನು ಮಡಿಸಿ, ಮುಳ್ಳು ಆಡುವಷ್ಟು ಸೀಳು ಬಿಟ್ಟು, ಎರಡೂ ಪದರಗಳನ್ನು ಸೇರಿಸಿ ತಟ್ಟೆಗೆ ರಿವೆಟ್ ಹೊಡೆಯಬೇಕು. ಚರ್ಮದ ಕಡೆಗೆ ವಾಷರ್ ಹಾಕದಿದ್ದರೆ ರಿವೆಟ್ಟಿನ ತಲೆ ಚರ್ಮವನ್ನು ಹರಿದುಕೊಂಡು ಹೊರಬರುತ್ತದೆ. ಒಂದೇ ರಿವೆಟ್ ಇದ್ದರೆ ಪಟ್ಟಿ ಎಳೆತದ ದಿಕ್ಕಿಗೆ ತಿರುಗಿಕೊಳ್ಳುತ್ತದೆ; ಕೈಕಾಲುಗಳಿಗೆ ಇದೇ ಅನುಕೂಲ. ತಿರುಗಬಾರದ ಕಡೆ ಎರಡು ಹಾಕಿ. ಬಕಲಿನ ತೂತುಗಳನ್ನು ಮೇಜಿನ ಮೇಲೆ ಅಳೆದು ಕೊರೆಯುವ ಬದಲು, ಒಳಂಗಿಯ ಸಮೇತ ಕವಚ ತೊಟ್ಟು ಇನ್ನೊಬ್ಬರಿಂದ ಗುರುತು ಹಾಕಿಸಿಕೊಳ್ಳಿ. ಹಿಂದೆ ಯೋಧನಿಗೆ ಕವಚ ತೊಡಿಸಲು ಸಹಾಯಕನಿರುತ್ತಿದ್ದ. ನಿಮಗೆ ಅಂಥವರಿಲ್ಲದಿದ್ದರೆ ಬಕಲುಗಳನ್ನು ನಿಮ್ಮ ಕೈಗೆ ಎಟಕುವಲ್ಲಿಯೇ ಕೂರಿಸುವುದು ಜಾಣತನ.

ಒಂದರ ಮೇಲೊಂದು ಜಾರುವ ಸಣ್ಣ ತಟ್ಟೆಗಳನ್ನು ಒಳಗಿನಿಂದ ಉದ್ದುದ್ದ ಚರ್ಮದ ಪಟ್ಟಿಗಳೂ ಹಿಡಿದಿರುತ್ತವೆ. ತಟ್ಟೆಗಳು ಎಷ್ಟು ದೂರ ಬಿಚ್ಚಿಕೊಳ್ಳಬಹುದೆಂಬುದನ್ನು ನಿರ್ಧರಿಸುವುದು ಈ ಪಟ್ಟಿಯ ಉದ್ದವೇ ಆದ್ದರಿಂದ, ತಟ್ಟೆಗಳನ್ನು ಪೂರ್ತಿ ಚಾಚಿ, ನಡುವೆ ಎಲ್ಲಿಯೂ ಸಂದು ಕಾಣದ ಸ್ಥಿತಿಯಲ್ಲಿ ರಿವೆಟ್ಟಿನ ಜಾಗವನ್ನು ಗುರುತಿಸಬೇಕು.

ಬಳಸಿದ ಮೇಲೆ ಬೆವರಿನ ತೇವವನ್ನು ಒರೆಸಿ, ಬಿಸಿಲಿಗಿಡದೆ ಗಾಳಿಯಲ್ಲಿ ಆರಿಸಿ. ತುಕ್ಕು ಅಡಗಿ ಕೂರುವುದು ಚರ್ಮದ ಅಡಿಯಲ್ಲಿ, ರಿವೆಟ್ಟಿನ ಸುತ್ತ. ಬಿರುಕು ಬಿಟ್ಟ ಪಟ್ಟಿಗೆ ಎಣ್ಣೆ ಹಚ್ಚಿ ದಿನ ದೂಡಬೇಡಿ. ರಿವೆಟ್ಟಿನ ತಲೆಯನ್ನು ಒಳಗಿನಿಂದ ಅರದಿಂದ ಉಜ್ಜಿ ತೆಗೆದು, ಅದೇ ತೂತಿಗೆ ಹೊಸ ಪಟ್ಟಿಯನ್ನು ಕೂರಿಸಿ.