ಸಿನಿಮಾ ಜಗತ್ತಿನ ಕಾದಂಬರಿ: ಗುಂಪಿನಲ್ಲಿ ಮಾತಾಡುವುದು ಹೇಗೆ?

ರಾಯಚೂರಿನ ನಮ್ಮ ಟೆಲಿಗ್ರಾಂ ಗುಂಪಿನಲ್ಲಿ ಓದುವುದು ಒಂದೇ ಥರದ ಪುಸ್ತಕ: ವೈಜ್ಞಾನಿಕ ಕಲ್ಪನೆಯ ಸಿನಿಮಾ, ಧಾರಾವಾಹಿಗಳ ಜಗತ್ತನ್ನೇ ಇಟ್ಟುಕೊಂಡು ಬರೆದ ಕಾದಂಬರಿ. ಹೊಸಬರಿಗೆ ಇಲ್ಲಿ ಯಾರೂ ಬರೆದಿಡದ ಕೆಲವು ನಿಯಮ ಹೇಳುತ್ತೇನೆ.

ಕಥೆಯ ಗುಟ್ಟು ಬಿಟ್ಟುಕೊಡಬೇಡಿ. ಪುಸ್ತಕ ಎಷ್ಟೇ ಹಳೆಯದಾಗಿರಲಿ. ‘ಸ್ಟಾರ್ ವಾರ್ಸ್’ ಕಾದಂಬರಿ 1976ರಲ್ಲೇ ಬಂತು, ಸಿನಿಮಾಕ್ಕಿಂತ ಮೊದಲು. ಆದರೆ ಶಕ್ತಿನಗರದಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಮೊದಲ ಸಲ ಓದುವವರಿಗೆ ಅದು ಹೊಸ ಪುಸ್ತಕವೇ ಅಲ್ವಾ? ಪುಸ್ತಕದ ಹೆಸರು, ಎಷ್ಟನೇ ಅಧ್ಯಾಯ ಅಂತ ಮೊದಲು ಬರೆಯಿರಿ. ಗುಟ್ಟಿನ ಸಾಲನ್ನು ಒತ್ತಿ ಹಿಡಿದು ಆರಿಸಿ, ‘ಸ್ಪಾಯ್ಲರ್’ ಒತ್ತಿ ಕಳಿಸಿ. ಸಾಲು ಮಸುಕಾಗುತ್ತದೆ, ಮುಟ್ಟಿದವರಿಗೆ ಮಾತ್ರ ಕಾಣುತ್ತದೆ.

ಕದ್ದ ಪಿಡಿಎಫ್ ಕೇಳಬೇಡಿ.

"ಇದು ಅಸಲಿ ಕಥೆ ಅಲ್ಲ" ಅಂತ ಯಾರ ಉತ್ಸಾಹಕ್ಕೂ ತಣ್ಣೀರು ಎರಚಬೇಡಿ. 2014ರ ಏಪ್ರಿಲ್‌ನಲ್ಲಿ, ಸ್ಟಾರ್ ವಾರ್ಸ್ ಸಿನಿಮಾ ತಯಾರಿಸುವ ಲ್ಯೂಕಾಸ್‌ಫಿಲ್ಮ್ ಸಂಸ್ಥೆ ಹಳೆಯ ಸ್ಟಾರ್ ವಾರ್ಸ್ ಕಾದಂಬರಿಗಳಲ್ಲಿ ಬಹುಪಾಲನ್ನು ‘ಲೆಜೆಂಡ್ಸ್’ ಅಂತ ಬೇರೆ ಇಟ್ಟಿತು. ಹೊಸ ಸಿನಿಮಾಗಳು ಆ ಕಥೆಗಳನ್ನು ಪಾಲಿಸಬೇಕಿಲ್ಲ, ಅಷ್ಟೇ. ಓದುವ ಖುಷಿ ಎಲ್ಲೂ ಹೋಗಿಲ್ಲ. ಮರುಮುದ್ರಣದ ಪ್ರತಿಯಾದರೆ ಮುಖಪುಟದ ಮೇಲ್ಗಡೆ ‘ಲೆಜೆಂಡ್ಸ್’ ಅಂತ ಬರೆದ ಅಡ್ಡಪಟ್ಟಿ ನೋಡಿ ಗುರುತಿಸಬಹುದು.

ಇನ್ನೊಂದು, ನನಗೆ ತುಂಬಾ ಮುಖ್ಯವಾದದ್ದು. ಬರೆದವರ ಹೆಸರು ಹೇಳಿ. ಆ 1976ರ ಕಾದಂಬರಿಯ ಮೇಲೆ ಸಿನಿಮಾದ ನಿರ್ದೇಶಕ ಜಾರ್ಜ್ ಲ್ಯೂಕಾಸ್ ಹೆಸರಿತ್ತು, ಬರೆದದ್ದು ಅಲನ್ ಡೀನ್ ಫಾಸ್ಟರ್. ಇಂಥವರನ್ನು ಸುಮ್ನೆ ಬಾಡಿಗೆ ಬರಹಗಾರರು ಅಂತ ತಳ್ಳಿಹಾಕುವುದು ಅನ್ಯಾಯ. ಒಂದು ಪುಟ ಇಷ್ಟವಾಯಿತಾ? ಯಾಕೆ ಇಷ್ಟವಾಯಿತು ಅಂತ ನಾಲ್ಕು ಸಾಲು ಬರೆದು, ಲೇಖಕರ ಹೆಸರಿನ ಸಮೇತ ಹಾಕಿ.