ವಿಧಾನಸಭಾ ಕ್ಷೇತ್ರವೊಂದರ ಶಾಸಕರ ಚರಿತ್ರೆ ಬರೆಯುವ ಬಗೆ: ಕನಕಪುರವನ್ನು ಮುಂದಿಟ್ಟುಕೊಂಡು

ಗೆದ್ದವರ ಪಟ್ಟಿಯಿಂದ ಶುರು ಮಾಡಬೇಡಿ, ಗಡಿಯಿಂದ ಶುರು ಮಾಡಿ. ಕ್ಷೇತ್ರದ ಹೆಸರು ಹಳೆಯದೇ ಇದ್ದರೂ ಅದರೊಳಗಿನ ಊರುಗಳು ಬದಲಾಗಿರುತ್ತವೆ. ಇದನ್ನು ನೋಡದೆ ಬರೆದ ಚರಿತ್ರೆಯಲ್ಲಿ ಸಂಬಂಧವಿಲ್ಲದ ಮತದಾರರು ಒಂದೇ ಸಾಲಿನಲ್ಲಿ ನಿಂತುಬಿಡುತ್ತಾರೆ.

ಮೈಸೂರು ವಿಧಾನಸಭೆಗೆ 1952ರಲ್ಲಿ 99 ಸ್ಥಾನಗಳಿದ್ದವು. ಏಕೀಕರಣದ ನಂತರ 1957ರಲ್ಲಿ 208, 1967ರಲ್ಲಿ 216, 1978ರಲ್ಲಿ 224 ಆದವು. 2008ರಲ್ಲಿ ಸಂಖ್ಯೆ 224ರಲ್ಲೇ ಉಳಿಯಿತು, ಆದರೆ 2001ರ ಜನಗಣತಿಯಂತೆ ಗಡಿಗಳನ್ನು ಹೊಸದಾಗಿ ಎಳೆಯಲಾಯಿತು. ಪರಿಶಿಷ್ಟ ಜಾತಿಯ ಮೀಸಲು ಕ್ಷೇತ್ರಗಳು 33ರಿಂದ 36ಕ್ಕೆ, ಪರಿಶಿಷ್ಟ ಪಂಗಡದವು 2ರಿಂದ 15ಕ್ಕೆ ಏರಿದವು. ಈ ಒಂದೊಂದು ಘಟ್ಟದ ಕ್ಷೇತ್ರ ಪುನರ್ವಿಂಗಡಣೆ ಆದೇಶವನ್ನೂ ತೆಗೆದು, ಯಾವ ಹೋಬಳಿ ಎಲ್ಲಿತ್ತು ಎಂದು ಗುರುತು ಹಾಕಿಕೊಳ್ಳಿ. ಬೇಸರದ ಕೆಲಸ ನಿಜ, ಆದರೆ ಉಳಿದದ್ದೆಲ್ಲ ನಿಲ್ಲುವುದು ಇದರ ಮೇಲೆಯೇ.

ಕನಕಪುರವನ್ನೇ ನೋಡಿ. 2008ಕ್ಕೆ ಮುಂಚೆ ಪಕ್ಕದಲ್ಲಿ ಸಾತನೂರು ಎಂಬ ಬೇರೆ ಕ್ಷೇತ್ರವಿತ್ತು. ಪುನರ್ವಿಂಗಡಣೆಯಲ್ಲಿ ಅದು ರದ್ದಾಯಿತು. ಸಾತನೂರು ಹೋಬಳಿ ಕನಕಪುರಕ್ಕೆ ಸೇರಿತು, ಹಾರೋಹಳ್ಳಿ ಮತ್ತು ಮರಳವಾಡಿ ಹೋಬಳಿಗಳು ರಾಮನಗರ ಕ್ಷೇತ್ರದಲ್ಲಿವೆ. ಡಿ.ಕೆ. ಶಿವಕುಮಾರ್ 1989ರಿಂದ ಸತತವಾಗಿ ಶಾಸಕರು. ಆದರೆ 2004ರವರೆಗಿನ ನಾಲ್ಕು ಗೆಲುವು ಸಾತನೂರಿನವು, ಕನಕಪುರದ್ದು 2008ರಿಂದ ಈಚೆಗೆ. ವ್ಯಕ್ತಿಯ ದಾಖಲೆ ಬೇರೆ, ಕ್ಷೇತ್ರದ ದಾಖಲೆ ಬೇರೆ. ಎರಡಕ್ಕೂ ಪ್ರತ್ಯೇಕ ಹಾಳೆ ಇಡಿ. ಕನಕಪುರ ಎಂಬ ಲೋಕಸಭಾ ಕ್ಷೇತ್ರವೂ ಆಗ ಇತ್ತು, 2008ರಲ್ಲೇ ಅದೂ ಹೋಯಿತು. ಹಳೆಯ ಪತ್ರಿಕೆಯಲ್ಲಿ ‘ಕನಕಪುರ ಫಲಿತಾಂಶ’ ಎಂದು ಕಂಡರೆ ಯಾವ ಚುನಾವಣೆಯದು ಎಂದು ಮೊದಲು ನೋಡಿ.

ಈಗ ಕೋಷ್ಟಕ. 1952ರಿಂದ 2023ರವರೆಗೆ ಹದಿನಾರು ಸಾರ್ವತ್ರಿಕ ಚುನಾವಣೆಗಳು. ವರ್ಷ, ಗೆದ್ದವರು, ಪಕ್ಷ, ಪಡೆದ ಮತ, ಎರಡನೆಯವರು, ಅವರ ಮತ, ಒಟ್ಟು ಸಿಂಧು ಮತ, ಷರಾ: ಇಷ್ಟು ಅಂಕಣ ಸಾಕು. ಅಂಕಿಗಳು ಚುನಾವಣಾ ಆಯೋಗದ ಅಂಕಿಅಂಶ ವರದಿಗಳಲ್ಲಿ ಸಿಗುತ್ತವೆ. ಗೆಲುವಿನ ಅಂತರದ ಶೇಕಡಾವಾರನ್ನು ಸಿಂಧು ಮತಗಳ ಮೇಲೆ ಲೆಕ್ಕ ಹಾಕಿ, ಮತದಾರರ ಪಟ್ಟಿಯ ಮೇಲಲ್ಲ.

ಹೆಚ್ಚಿನವರು ಎಡವುವುದು ಉಪಚುನಾವಣೆಯಲ್ಲಿ. ಸಾರ್ವತ್ರಿಕ ಚುನಾವಣೆಯ ವರದಿಯಲ್ಲಿ ಅದು ಇರುವುದಿಲ್ಲ. 1983ರಲ್ಲಿ ಕನಕಪುರದಿಂದ ಗೆದ್ದವರು ಪಿ.ಜಿ.ಆರ್. ಸಿಂಧ್ಯ, 1985ರಲ್ಲಿಯೂ ಅವರೇ. ವರದಿಗಳನ್ನಷ್ಟೇ ನೋಡಿದರೆ ನಡುವೆ ಏನೂ ನಡೆದಂತಿಲ್ಲ. ಆದರೆ ಮುಖ್ಯಮಂತ್ರಿಯಾದಾಗ ವಿಧಾನಸಭೆಯ ಸದಸ್ಯರಾಗಿರದಿದ್ದ ರಾಮಕೃಷ್ಣ ಹೆಗಡೆಯವರಿಗಾಗಿ ಸಿಂಧ್ಯ ಸ್ಥಾನ ತೆರವು ಮಾಡಿದರು, ಹೆಗಡೆ ಉಪಚುನಾವಣೆಯಲ್ಲಿ ಇಲ್ಲಿಂದಲೇ ಗೆದ್ದರು. ರಾಜ್ಯದ ಮುಖ್ಯಮಂತ್ರಿಯೇ ಪಟ್ಟಿಯಿಂದ ಬಿಟ್ಟುಹೋಗುವುದೆಂದರೆ ಸಣ್ಣ ತಪ್ಪಲ್ಲ. ಸಾತನೂರಿನಲ್ಲೂ ಹೀಗೆಯೇ: 1985ರಲ್ಲಿ ಎಚ್.ಡಿ. ದೇವೇಗೌಡರು ಹೊಳೆನರಸೀಪುರ, ಸಾತನೂರು ಎರಡರಲ್ಲೂ ಗೆದ್ದು ಸಾತನೂರನ್ನು ಬಿಟ್ಟುಕೊಟ್ಟರು. ಆದ್ದರಿಂದ ಆಯಾ ವಿಧಾನಸಭೆಯ ಸದಸ್ಯರ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ಒಂದೇ ಅವಧಿಯಲ್ಲಿ ಒಂದು ಕ್ಷೇತ್ರಕ್ಕೆ ಎರಡು ಹೆಸರು ಕಂಡರೆ ನಿಧನವೋ, ರಾಜೀನಾಮೆಯೋ, ಅನರ್ಹತೆಯೋ, ಹೈಕೋರ್ಟಿನಲ್ಲಿ ಚುನಾವಣೆ ಅಸಿಂಧುವಾದದ್ದೋ ಎಂದು ಹುಡುಕಿ, ಷರಾದಲ್ಲಿ ಬರೆಯಿರಿ.

1952 ಮತ್ತು 1957ರಲ್ಲಿ ಕೆಲವು ಕ್ಷೇತ್ರಗಳಿಗೆ ಇಬ್ಬರು ಶಾಸಕರು, ಒಂದು ಸ್ಥಾನ ಮೀಸಲು. ಪ್ರತಿ ಮತದಾರನಿಗೂ ಎರಡು ಮತ. ಒಟ್ಟು ಮತಗಳನ್ನು ಮತದಾರರ ಸಂಖ್ಯೆಯಿಂದ ಭಾಗಿಸಿದರೆ ಮತದಾನ ನೂರಕ್ಕಿಂತ ಹೆಚ್ಚೆಂದು ಬರುವುದು ಅದಕ್ಕೇ. 1962ರಿಂದ ಈ ಪದ್ಧತಿ ಇಲ್ಲ.

ಪಕ್ಷದ ಹೆಸರನ್ನು ಆ ವರ್ಷ ಇದ್ದಂತೆಯೇ ಬರೆಯಿರಿ. 1978ರಲ್ಲಿ ದೇವರಾಜ ಅರಸು ಗೆದ್ದು ಬಂದದ್ದು ಇಂದಿರಾ ಕಾಂಗ್ರೆಸ್ಸಿನಿಂದ. ಎದುರಿಗೆ ಇನ್ನೊಂದು ಕಾಂಗ್ರೆಸ್ಸೂ ಕಣದಲ್ಲಿತ್ತು. ಎರಡನ್ನೂ ‘ಕಾಂಗ್ರೆಸ್’ ಎಂದು ಸೇರಿಸಿದರೆ ಸ್ಪರ್ಧೆಯೇ ಮಾಯವಾಗುತ್ತದೆ. ಜನತಾ ಪಕ್ಷ, ಜನತಾದಳ, ಜೆಡಿಎಸ್ ಕೂಡ ಬೇರೆ ಬೇರೆ.

ನಿಮ್ಮದು ಹಳೆ ಮೈಸೂರು ಸೀಮೆಯಲ್ಲದಿದ್ದರೆ 1952ರ ಸಾಲನ್ನು ಬೇರೆಡೆ ಹುಡುಕಬೇಕು. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರದವರು ಮುಂಬೈ ವಿಧಾನಸಭೆಯಲ್ಲಿ. ಮಂಗಳೂರು, ಕೊಳ್ಳೇಗಾಲ, ಬಳ್ಳಾರಿಯವರು ಮದ್ರಾಸಿನಲ್ಲಿ. ಕಲಬುರಗಿ, ರಾಯಚೂರು, ಬೀದರಿನವರು ಹೈದರಾಬಾದಿನಲ್ಲಿ. ಕೊಡಗಿಗೆ 24 ಸದಸ್ಯರ ತನ್ನದೇ ಸಭೆಯಿತ್ತು.